ಚೋಬಾಯಿ ಮತ್ತು ಪುಕ್ಕದ ಇಡ್ಲಿ

1975ರ ಫೆಬ್ರವರಿಯ ಒಂದು ಭಾನುವಾರ ಸಂಜೆ ಮಾಟುಂಗದ ಕನ್ನಡ ಸಂಘವೊಂದರ ಸಭಾಂಗಣದಲ್ಲಿ ನಡೆದ ಮಹಿಳೆಯರ ಬ್ಯಾಡ್ಮಿಂಟನ್ ಡಬಲ್ಸ್ ಫೈನಲ್‌ನಲ್ಲಿ, ದಕ್ಷಿಣ ಕೊರಿಯದ ಮಾಜಿ ಆಟಗಾರ್ತಿ ಚೋ ಬೊಂಗ್-ನಾನ್ ಮತ್ತು ಅವರ ಜೊತೆಗಾರ್ತಿ, ಹಿಂದಿನ ವರ್ಷದ ವಿಜೇತ ಜೋಡಿಯನ್ನು ಮೂರು ಗೇಮುಗಳಲ್ಲಿ ಸೋಲಿಸಿದರು.

ಮರುದಿನದ ಪತ್ರಿಕೆಯ ಒಳಪುಟದಲ್ಲಿ, ಹಾಕಿ ಸುದ್ದಿಯ ಕೆಳಗೆ, ಕುದುರೆ ರೇಸಿನ ಮೇಲೆ, ಬಂದದ್ದು ಇಷ್ಟೇ. ಬರೆದವಳು ನಾನು. ಆ ಜೊತೆಗಾರ್ತಿಯೂ ನಾನೇ. ಸುದ್ದಿ ಬರೆಯುವವರು ಸುದ್ದಿಯೊಳಗೆ ತಮ್ಮ ಹೆಸರು ತೂರಿಸಬಾರದು ಎಂಬುದು ನಮ್ಮ ಕ್ರೀಡಾ ಸಂಪಾದಕರ ನಿಯಮ. ನನ್ನ ಜೀವಮಾನದಲ್ಲಿ ನಾನು ಗೆದ್ದ ಏಕೈಕ ಫೈನಲ್‌ಗೂ ಅವರು ಆ ನಿಯಮ ಸಡಿಲಿಸಲಿಲ್ಲ. ಆಟದಲ್ಲಿ ನನ್ನ ಪಾಲು ಎಷ್ಟಿತ್ತು ಎಂದು ನೋಡಿದರೆ, ಸುದ್ದಿಯಲ್ಲಿ ಸಿಕ್ಕ ಜಾಗ ನ್ಯಾಯವಾದದ್ದೇ.

ಇದೆಲ್ಲ ನೆನಪಾಗಲು ಕಾರಣ ನನ್ನ ಮೇಜಿನ ಮೇಲಿರುವ ಒಂದು ಇಡ್ಲಿ ತಟ್ಟೆ. ಅಡುಗೆಮನೆಯದಲ್ಲ, ಮೇಜಿನದೇ. ಒಂದು ಕುಳಿಯಲ್ಲಿ ಗುಂಡುಪಿನ್ನು, ಒಂದರಲ್ಲಿ ರಬ್ಬರು, ಒಂದರಲ್ಲಿ ಲೋಕಲ್ ರೈಲಿನ ಹಳೆಯ ಪಾಸು. ಮನೆಗೆ ಬಂದವರು, "ಇದ್ಯಾಕೆ ಇಲ್ಲಿ? ಒಳಗೆ ಇಡಬಾರದಾ?" ಎನ್ನುತ್ತಾರೆ. ಒಳಗೆ ಇಡುವಂತಿಲ್ಲ. ಆ ತಟ್ಟೆಯಲ್ಲಿ ಬೇಯುತ್ತಿದ್ದದ್ದು ಇಡ್ಲಿಯಲ್ಲ, ಬಾತುಕೋಳಿಯ ಪುಕ್ಕ.

ಗಾಬರಿಯಾಗಬೇಡಿ, ಹೇಳುತ್ತೇನೆ.

ಬ್ಯಾಡ್ಮಿಂಟನ್ ಶಟಲ್ ಮಾಡುವುದು ಬಾತುಕೋಳಿಯ ಪುಕ್ಕದಿಂದ. ಬುಡಕ್ಕೆ ಬೆಂಡಿನ ಕಾರ್ಕು. ಮುಂಬಯಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಆದರೆ ಚಳಿಗಾಲದ ಒಣಗಾಳಿಯಲ್ಲಿ ಪುಕ್ಕ ಒಣಗಿ, ನಾಲ್ಕು ಪೆಟ್ಟು ಬಿದ್ದೊಡನೆ ಪಟಪಟ ಮುರಿಯುತ್ತದೆ. ಶಟಲ್ ಅಗ್ಗದ ವಸ್ತುವಲ್ಲ. ಅದಕ್ಕೆ ಸಂಘದ ಕ್ಯಾಂಟೀನಿನ ಭಟ್ಟರು ಒಂದು ಉಪಾಯ ಕಂಡುಕೊಂಡಿದ್ದರು. ಶಟಲ್‌ಗಳನ್ನು ಖಾಲಿ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಬುಡ ಕೆಳಗೆ ಮಾಡಿ ಕೂರಿಸುವುದು, ಕುದಿಯುವ ನೀರಿನ ಮೇಲಿಟ್ಟು ಮುಚ್ಚಳ ಹಾಕುವುದು, ಸ್ವಲ್ಪ ಹಬೆ ತಾಕಿದೊಡನೆ ಇಳಿಸುವುದು. ಶಟಲ್‌ನ ಅಳತೆಗೂ ಕುಳಿಯ ಅಳತೆಗೂ ಯಾರೋ ಜಾತಕ ಕೂಡಿಸಿದಂತಿತ್ತು. ಹಬೆ ಕುಡಿದ ಪುಕ್ಕ ಬಾಗುತ್ತದೆ, ಬೇಗ ಮುರಿಯುವುದಿಲ್ಲ.

ಭಟ್ಟರು ಉಡುಪಿ ಕಡೆಯವರು, ಮಡಿವಂತರು. ಹಕ್ಕಿಯ ಪುಕ್ಕ ತನ್ನ ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದು, ಜೋಡಿಯಾಗಿ ಕೊಂಡಿದ್ದ ಎರಡು ಇಡ್ಲಿ ಪಾತ್ರೆಗಳಲ್ಲಿ ಒಂದನ್ನು ಶಟಲ್‌ಗೇ ಬಿಟ್ಟುಕೊಟ್ಟಿದ್ದರು. ಅದಕ್ಕೆ ಹಿತ್ತಲ ಬಾಗಿಲ ಹೊರಗೆ ಬೇರೆ ಸೀಮೆಎಣ್ಣೆ ಸ್ಟೋವ್. "ಇದು ನಾನ್‌ವೆಜ್ ಪಾತ್ರೆ, ಮುಟ್ಟಿದರೆ ಕೈ ತೊಳೆಯಬೇಕು ಆಯ್ತಾ" ಎಂದು ಆಟಗಾರರಿಗೆಲ್ಲ ತಾಕೀತು ಮಾಡುತ್ತಿದ್ದರು. ನೋಡಲು ಮಾತ್ರ ಎರಡೂ ಪಾತ್ರೆ ಒಂದೇ ತರಹ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ನಾವು ಧಾರವಾಡದ ಕಡೆಯವರು. ಅಪ್ಪನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಆಂಟಾಪ್ ಹಿಲ್‌ನಲ್ಲಿ ಕ್ವಾರ್ಟರ್ಸು. ಅರವತ್ತರ ದಶಕದ ಕೊನೆಯಲ್ಲಿ ನಾವು ಮಕ್ಕಳು ಎರಡು ಬಿಲ್ಡಿಂಗುಗಳ ನಡುವೆ ಅವ್ವನ ಹಳೇ ಸೀರೆಯನ್ನೇ ನೆಟ್ ಎಂದು ಕಟ್ಟಿ ಆಡುತ್ತಿದ್ದೆವು. ಸಂಘದ ಸಭಾಂಗಣದಲ್ಲಿ ಬಿಸಾಡಿದ ಅರೆಬೋಳು ಶಟಲ್‌ಗಳೇ ನಮ್ಮ ಆಸ್ತಿ. ಅವು ನೇರ ಹಾರುತ್ತಿರಲಿಲ್ಲ, ಗಾಯಗೊಂಡ ಪಾರಿವಾಳದಂತೆ ಒಂದೇ ಕಡೆ ವಾಲುತ್ತಿದ್ದವು. ಅವುಗಳ ಜೊತೆ ಕಲಿತ ಕಾರಣ, ಮುಂದೆ ಹೊಸ ಶಟಲ್ ನೆಟ್ಟಗೆ ಬಂದಾಗಲೆಲ್ಲ ನಾನು ಅದು ಬರದ ಕಡೆಗೆ ಓಡಿಹೋಗುತ್ತಿದ್ದೆ. ಲೇಡೀಸ್ ಡಬ್ಬದಲ್ಲಿ ನನ್ನ ರಾಕೆಟ್ ನೋಡಿ ಮೀನುಬುಟ್ಟಿಯ ಹೆಂಗಸೊಬ್ಬಳು, "ಕಾಯ್ ಗ, ರವಾ ಚಾಳಾಯ್‌ಚಿ ಚಾಳಣ್ ಕಾ?" ಎಂದು ಕೇಳಿದ್ದಳು. ರವೆ ಜರಡಿಯಾ ಎಂದು. ನನ್ನ ಆಟದ ಬಗ್ಗೆ ಬಂದ ಮೊದಲ ವಿಮರ್ಶೆ ಅದು. ತಪ್ಪೇನಿರಲಿಲ್ಲ, ಬಂದದ್ದೆಲ್ಲ ಸೋರಿಹೋಗುತ್ತಿತ್ತು.

ಚೋಬಾಯಿ ಬಂದದ್ದು 1973ರ ಮಳೆಗಾಲ ಕಳೆದ ಮೇಲೆ. ಗಂಡ ಪಾರ್ಕ್ ಅವರು ಬಂದರಿನಲ್ಲಿ ಯಂತ್ರಗಳನ್ನು ಇಳಿಸಿಕೊಳ್ಳುವ ಕಂಪನಿಯೊಂದರ ಎಂಜಿನಿಯರ್. ಕಿಂಗ್ಸ್ ಸರ್ಕಲ್ ಹತ್ತಿರ ಬಾಡಿಗೆ ಮನೆ. ಒಂದು ಸಂಜೆ ತರಕಾರಿ ಚೀಲ ಹಿಡಿದು ಸಂಘದ ಹಾಲಿನ ಮುಂದೆ ಹೋಗುತ್ತಿದ್ದವರು ಶಟಲ್ ಸದ್ದು ಕೇಳಿ ಒಳಗೆ ಬಂದು ನಿಂತರು. ಆಟ ನೋಡಲಿಲ್ಲ. ಮೂಗು ಅರಳಿಸಿ, ಹಬೆಯ ವಾಸನೆ ಹಿಡಿದು ನೇರ ಹಿತ್ತಲಿಗೆ ಹೋದರು. ಭಟ್ಟರು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ಈಕೆ ಒಂದು ಶಟಲ್ ಎತ್ತಿ, ಪುಕ್ಕ ಬಾಗಿಸಿ ನೋಡಿ, ನಕ್ಕರು. ಕೈಸನ್ನೆ, ಇಂಗ್ಲಿಷು, ಹಿಂದಿ ಎಲ್ಲ ಬೆರೆಸಿ ಹೇಳಿದ್ದರ ಸಾರಾಂಶ: ನಮ್ಮ ಊರಿನಲ್ಲೂ ಹೀಗೇ ಮಾಡುತ್ತೇವೆ, ಅನ್ನದ ಪಾತ್ರೆಯ ಹಬೆಯಲ್ಲಿ.

"ಅನ್ನದ ಪಾತ್ರೆಯಲ್ಲಾ!" ಎಂದು ಭಟ್ಟರು ನನ್ನ ಕಡೆ ತಿರುಗಿದರು. "ಕೇಳಿದೆಯಾ ಮಾರಾಯ್ತಿ? ಇವರಿಗೆ ಹೇಳು, ಬೇರೆ ಪಾತ್ರೆ ಇಡಬೇಕು ಅಂತ."

ಅಷ್ಟು ಹೊತ್ತಿಗೆ ಚೋಬಾಯಿ ಚೀಲ ಕೆಳಗಿಟ್ಟು, ಯಾರದೋ ರಾಕೆಟ್ ಕೇಳಿ, ಚಪ್ಪಲಿ ಬಿಟ್ಟು ಕೋರ್ಟಿಗೆ ಇಳಿದಿದ್ದರು. ಎದುರಿಗೆ ನಮ್ಮ ಸಂಘದ ಪುರುಷರ ಚಾಂಪಿಯನ್. ಬರಿಗಾಲಿನ ಆ ಹೆಂಗಸು ಅವರನ್ನು ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ನೆಟ್ಟಿಗೆ ಓಡಿಸಿದ ರೀತಿ ನೋಡಿ ಕೇರಂ ಆಡುತ್ತಿದ್ದವರೂ ಎದ್ದು ಬಂದರು. ಕೊನೆಗೆ ಚಾಂಪಿಯನ್ ಕೈಮುಗಿದು, "ಬಾಯಿ, ಬಸ್" ಎಂದರು, ಸಾಕಮ್ಮಾ ಎಂದು. ಅಂದಿನಿಂದ ಅವರು ಎಲ್ಲರಿಗೂ ಚೋಬಾಯಿ. ಮಿಸೆಸ್ ಪಾರ್ಕ್ ಎಂದವರನ್ನು ಮಾತ್ರ, "ಪಾರ್ಕ್ ಗಂಡ. ನಾನು ಚೋ" ಎಂದು ಪ್ರತಿ ಸಲವೂ ತಿದ್ದುತ್ತಿದ್ದರು. ಅವರ ಕಡೆ ಮದುವೆಯಾದರೂ ಹೆಣ್ಣಿನ ಮನೆತನದ ಹೆಸರು ಬದಲಾಗುವುದಿಲ್ಲವಂತೆ. ಬೇರೆ ಅನೇಕ ವಿಷಯ ಬದಲಾಗುತ್ತವೆ ಎಂದು ಆಮೇಲೆ ತಿಳಿಯಿತು.

ಅದು ತಿಳಿದದ್ದು ಕ್ಯಾಂಟೀನಿನ ಮೆಟ್ಟಿಲ ಮೇಲೆ. ಸಮುದ್ರ ತೀರದ ಸಣ್ಣ ಊರು, ಶಾಲೆಯ ಅಂಗಳದಲ್ಲಿ ಕಲಿತ ಆಟ, ಆಮೇಲೆ ಗಿರಣಿಯೊಂದರ ತಂಡ, ಅಲ್ಲಿಂದ ದೇಶದ ತಂಡ. ಹಿಮ ಬಿದ್ದ ಗುಡ್ಡದ ಮೆಟ್ಟಿಲುಗಳನ್ನು ಹತ್ತಿಳಿಯುವುದೇ ಬೆಳಗಿನ ಅಭ್ಯಾಸ. ಪರದೇಶಕ್ಕೂ ಹೋಗಿ ಆಡಿ ಬಂದವರು. ಕೊನೆಗೆ ತಮ್ಮ ದೇಶದ ದೊಡ್ಡ ಪಂದ್ಯಾವಳಿಯಲ್ಲಿ ಮೊದಲ ಸಲ ಫೈನಲ್ ತಲುಪಿದರು. ಆ ಫೈನಲ್ ಆಡಲೇ ಇಲ್ಲ. ಅದೇ ದಿನಕ್ಕೆ ಎರಡೂ ಮನೆಯ ಹಿರಿಯರು ಮದುವೆ ನಿಗದಿ ಮಾಡಿದ್ದರು. ಒಳ್ಳೆಯ ದಿನವಂತೆ. ಎದುರಾಳಿಗಳಿಗೆ ವಾಕ್‌ಓವರ್, ಅಂದರೆ ಆಡದೆಯೇ ಗೆಲುವು, ಬಿಟ್ಟುಕೊಟ್ಟು ಮದುವೆಯ ಉಡುಪು ತೊಟ್ಟರು.

"ಎಲ್ಲರೂ ಕೇಳ್ತಾರೆ, ಆಟ ಯಾವಾಗ ಬಿಟ್ಟೆ ಅಂತ" ಎಂದರು ಚೋಬಾಯಿ. "ನಾನು ಬಿಡಲಿಲ್ಲ. ಫೈನಲ್ ಬಾಕಿ ಇದೆ. ಒಂದು ಫೈನಲ್ ಕೊನೇ ಪಾಯಿಂಟ್‌ವರೆಗೆ ಆಡಬೇಕು. ಆಮೇಲೆ ಬಿಡ್ತೀನಿ."

ಅದಕ್ಕೆ ಗಡುವೂ ಇತ್ತು. 1975ರ ಮಾರ್ಚಿಗೆ ಗಂಡನ ಮುಂಬಯಿ ಕೆಲಸ ಮುಗಿದು ವಾಪಸು ಹೊರಡಬೇಕು. ಅದಕ್ಕೆ ಮೊದಲು ಉಳಿದಿದ್ದದ್ದು ಫೆಬ್ರವರಿಯಲ್ಲಿ ನಮ್ಮ ಹಾಲಿನಲ್ಲೇ ನಡೆಯುವ ಉಪನಗರಗಳ ಪಂದ್ಯಾವಳಿ ಒಂದೇ. ಆ ವರ್ಷ ಮಹಿಳೆಯರಿಗೆ ಡಬಲ್ಸ್ ಮಾತ್ರ ಇಟ್ಟಿದ್ದರು. ಚೋಬಾಯಿಗೆ ಜೊತೆಗಾರ್ತಿ ಬೇಕಾಯಿತು. ಸಂಘದಲ್ಲಿ ನಿಯಮಿತವಾಗಿ ಆಡುವ ಹೆಂಗಸರಲ್ಲಿ ಒಬ್ಬರು ಬಸುರಿ, ಒಬ್ಬರು ಸ್ಕೂಲ್ ಟೀಚರ್, ಪರೀಕ್ಷೆಯ ಕಾಲ. ಉಳಿದವಳು ನಾನು.

ನನ್ನನ್ನು ತಿದ್ದಲು ಅವರು ಹೆಚ್ಚು ಪ್ರಯತ್ನಪಡಲಿಲ್ಲ. ಜಾಣತನ ಅದು. "ನೆಟ್ ಹತ್ತಿರ ನಿಲ್ಲು. ರಾಕೆಟ್ ಮೇಲೆ ಹಿಡಿ. ನಾನು ಕೂಗಿದರೆ ಕೂತುಬಿಡು." ಕೂಗಲು ನನ್ನಿಂದಲೇ ಎರಡು ಕನ್ನಡ ಪದ ಕಲಿತರು: ನಂದು, ನಿಂದು. ಎರಡನೆಯದನ್ನು ಬಳಸುವ ಸಂದರ್ಭ ಅಷ್ಟಾಗಿ ಬರಲಿಲ್ಲ. ಆ ಚಳಿಗಾಲವೆಲ್ಲ ನಾನು ಕಲಿತದ್ದು ಸರಿಯಾದ ಹೊತ್ತಿಗೆ ಕೂರುವ ವಿದ್ಯೆ. ಅವರ ಸ್ಮ್ಯಾಶ್ ನನ್ನ ತಲೆಯ ಮೇಲಿಂದ ಹೋಗುವಾಗ ಜಡೆ ಅಲುಗುತ್ತಿತ್ತು. ಹೀಗೆ ಕೂತು ಏಳುತ್ತಲೇ ನಾನು ಸೆಮಿಫೈನಲ್ ಗೆದ್ದೆ.

ಇನ್ನು ನಮ್ಮ ಅವ್ವನ ವಿಷಯ. ಅವಳಿಗೂ ಆ ಚಳಿಗಾಲದಲ್ಲಿ ಒಂದು ಪಂದ್ಯಾವಳಿ ನಡೆಯುತ್ತಿತ್ತು, ನನ್ನ ವರಾನ್ವೇಷಣೆ. ಕಲ್ಯಾಣದಲ್ಲಿದ್ದ ಒಂದು ಗದಗಿನ ಮನೆತನ ಸೆಮಿಫೈನಲ್ ದಾಟಿತ್ತು. ನಮ್ಮ ಕ್ವಾರ್ಟರ್ಸಿನಲ್ಲಿ ಎರಡು ಮನೆಯವರು ಒಟ್ಟಿಗೆ ಕೂರಲು ಜಾಗವಿಲ್ಲ. ನಮ್ಮಂಥವರೆಲ್ಲ ಆಗ ಹೆಣ್ಣು ತೋರಿಸುತ್ತಿದ್ದದ್ದು ಮಾಟುಂಗದಲ್ಲೇ. ಮೊದಲು ದೇವಸ್ಥಾನ, ಆಮೇಲೆ ಹೋಟೆಲು. ಅವ್ವ ಸಂಘದ ಕ್ಯಾಂಟೀನನ್ನೇ ಗೊತ್ತುಮಾಡಿದಳು, ಫೈನಲ್ ದಿನಕ್ಕೇ.

"ನಿನ್ನ ಆಟ ಮೂರಕ್ಕ ಸುರು. ತಾಸಿನಾಗ ಮುಗೀತದ. ಬೀಗರು ಐದಕ್ಕ ಬರ್ತಾರ. ಒಂದ ಬಸ್ಸಿನ ಖರ್ಚಿನ್ಯಾಗ ಎರಡೂ ಕೆಲಸ" ಎಂದಳು. ಲೆಕ್ಕ ಸರಿಯಾಗಿಯೇ ಇತ್ತು. ನಾನೂ ಒಪ್ಪಿದೆ. ಚೋಬಾಯಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಅಂದು ಆದದ್ದು ಇಷ್ಟು. ನಮಗಿಂತ ಮೊದಲಿನ ಪುರುಷರ ಪಂದ್ಯ ಮುಗಿಯಲೊಲ್ಲದು. ನಮ್ಮದು ಶುರುವಾಗುವಾಗ ನಾಲ್ಕೂಕಾಲು. ಎದುರಿಗೆ ಗ್ರಾಂಟ್ ರೋಡಿನ ಅಕ್ಕ-ತಂಗಿ, ಹಿಂದಿನ ವರ್ಷದ ವಿಜೇತರು. ಅವರಿಗೆ ಬೇಗನೆ ಅರ್ಥವಾಯಿತು, ಈ ಜೋಡಿಯಲ್ಲಿ ಆಡುವವರು ಒಬ್ಬರೇ ಎಂದು. ಇಬ್ಬರೂ ಸೇರಿ ಬಂದದ್ದನ್ನೆಲ್ಲ ನನ್ನ ಮೇಲೇ ಹೊಡೆದು ಮೊದಲ ಗೇಮ್ ಗೆದ್ದರು. ಎರಡನೆಯದನ್ನು ಚೋಬಾಯಿ ನನ್ನನ್ನು ಒಂದು ಮೂಲೆಗೆ ನಿಲ್ಲಿಸಿ ತಾವೊಬ್ಬರೇ ಎಂಬಂತೆ ಆಡಿ ಗೆದ್ದರು. ಒಂದು-ಒಂದು. ಮೂರನೆಯ ಗೇಮಿಗೆ ಮೊದಲು ಐದು ನಿಮಿಷದ ವಿರಾಮ.

ಕಲ್ಯಾಣದ ಲೋಕಲ್ ಅವತ್ತು ಸರಿಯಾದ ಸಮಯಕ್ಕೆ ಬಂದಿತ್ತು.

ಅವ್ವ ರಂಗಮಂಚದ ಹಿಂದಿನ ಕೋಣೆಯಲ್ಲಿ ಸೀರೆ ಹಿಡಿದೇ ನಿಂತಿದ್ದಳು. "ಬೀಗರು ಬಂದ ಕುಂತಾರ. ಒಂದ ಐದ ನಿಮಿಷ ಮಾರಿ ತೋರಿಸಿ, ಕಾಫಿ ಕೊಟ್ಟು, ಕುಂದರು. ಆಮ್ಯಾಲೆ ಏನರೆ ಮಾಡ್ಕೋ."

"ಅವ್ವಾ, ಐದು ನಿಮಿಷ ಅಷ್ಟೇ ಇರೋದು. ಕೂತರೆ ಆಟ ಹೋಯ್ತು."

"ಆಟ ಮುಂದಿನ ವರ್ಷಾನೂ ಬರ್ತದ. ಇಂಥಾ ಮನೆತನ ಬರ್ತದೇನು?"

ಸ್ಕರ್ಟಿನ ಮೇಲೆಯೇ ಸೀರೆ ಸುತ್ತಿ, ಕಾಲಿಗೆ ಕ್ಯಾನ್ವಾಸ್ ಶೂ, ಮೊಣಕಾಲಿಗೆ ಪಟ್ಟಿ, ಬೆವರಿನ ಮುಖಕ್ಕೆ ಅವ್ವ ಬಡಿದ ಪೌಡರು, ಜಡೆಗೆ ಅವಳೇ ಸಿಕ್ಕಿಸಿದ ಹೂವು, ಹೀಗೆ ನಾನು ಕ್ಯಾಂಟೀನ್ ಪ್ರವೇಶಿಸಿದೆ. ಮೇಜಿನ ಸುತ್ತ ಹುಡುಗ, ಅವನ ತಂದೆ-ತಾಯಿ. ಹುಡುಗನ ತಾಯಿ ಇಳಕಲ್ ಸೀರೆಯುಟ್ಟ ಗಟ್ಟಿ ಹೆಂಗಸು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅವರ ನೋಟ ಶೂ ಹತ್ತಿರ ಸ್ವಲ್ಪ ಹೊತ್ತು ನಿಂತಿತು.

ಅಷ್ಟರಲ್ಲಿ ಬಾಗಿಲಲ್ಲಿ ಚೋಬಾಯಿ. ನನ್ನನ್ನು ಹುಡುಕಿಕೊಂಡು ಬಂದವರು ಸೀರೆ ನೋಡಿದರು, ಹೂವು ನೋಡಿದರು, ಹುಡುಗನನ್ನು ನೋಡಿದರು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಇಂಥದೊಂದು ಮೇಜಿನ ಮುಂದೆ ಅವರೂ ಕೂತಿದ್ದವರೇ. ಮುಖದ ಬಣ್ಣ ಇಳಿಯಿತು. ಆದರೆ ಅವ್ವನ ಮುಂದೆ ಬಂದು, ತಮ್ಮ ಪದ್ಧತಿಯಂತೆ ನಡು ಬಾಗಿಸಿ ವಂದಿಸಿ, ಗೊತ್ತಿದ್ದ ಹಿಂದಿಯನ್ನೆಲ್ಲ ಕೂಡಿಸಿ ಹೇಳಿದರು: "ಮಾಂಜೀ, ಶಾದಿ ಕಲ್. ಗೇಮ್ ಆಜ್." ಮದುವೆ ನಾಳೆ, ಆಟ ಇವತ್ತು ಎಂದು.

ಹಾಲಿನಿಂದ ಅಂಪೈರ್ ಕೂಗಿದರು, ಇನ್ನೆರಡೇ ನಿಮಿಷ, ಬರದಿದ್ದರೆ ಪಂದ್ಯ ಎದುರು ಜೋಡಿಗೆ ಎಂದು.

ಅವ್ವ ಉತ್ತರಿಸುವ ಮೊದಲೇ ಭಟ್ಟರು ನುಗ್ಗಿದರು. ಬೀಗರಿಗೆ ಬಿಸಿ ಇಡ್ಲಿ ಮುಟ್ಟಿಸಬೇಕು, ಅಂಪೈರಿಗೆ ಶಟಲ್ ಮುಟ್ಟಿಸಬೇಕು, ತಾವು ಮೂರನೆಯ ಗೇಮಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಬೇಕು, ಈ ಮೂರು ಆತುರದಲ್ಲಿದ್ದರು. ಒಂದು ಪಾತ್ರೆಯನ್ನು ಆಗಲೇ ಕೋರ್ಟಿನ ಹತ್ತಿರ ಅಂಪೈರ್ ಮುಂದೆ ಇಟ್ಟು ಬಂದಿದ್ದರು. ಇನ್ನೊಂದನ್ನು ಮೇಜಿನ ನಡುವೆ ಕುಕ್ಕಿ, "ತಗೊಳ್ಳಿ, ಹೂವಿನ ಹಾಗೆ ಬಂದಿದೆ" ಎಂದು ಮುಚ್ಚಳ ತೆಗೆದರು.

ಹಬೆ ಹೋಯಿತು. ಕುಳಿಕುಳಿಯಲ್ಲೂ ಒಂದೊಂದು ಶಟಲ್, ಪುಕ್ಕ ಅರಳಿಸಿ ಕೂತಿತ್ತು.

ಹುಡುಗನ ತಾಯಿ ಬಗ್ಗಿ ನೋಡಿದರು. "ಅಲ್ಲ ರೀ ಭಟ್ರ, ಇದೇನು, ಪುಕ್ಕದ ಇಡ್ಲಿ? ನಾವು ಹಕ್ಕಿಗಿಕ್ಕಿ ತಿನ್ನೋ ಪೈಕಿ ಅಲ್ಲ ರೀ."

"ಅಯ್ಯೋ ದೇವರೇ! ಅದು ತಿನ್ನುವುದಲ್ಲ ಅಮ್ಮಾ, ಹೊಡೆಯುವುದು!" ಎಂದು ಭಟ್ಟರು ಮುಚ್ಚಳವನ್ನು ಎದೆಗೆ ಅವಚಿಕೊಂಡರು. "ನಾನ್‌ವೆಜ್ ಪಾತ್ರೆ ಮೇಜಿನ ಮೇಲೆ! ಆಯ್ತು, ನನ್ನ ಹೋಟೆಲು ಮುಳುಗಿತು!"

ಆಗಲೇ ಹಾಲಿನಿಂದ ದೊಡ್ಡ ನಗೆ ಕೇಳಿತು. ಅಲ್ಲಿ ಅಂಪೈರ್ ತಮ್ಮ ಪಾತ್ರೆಯ ಮುಚ್ಚಳ ತೆಗೆದಿದ್ದರು. ಒಳಗೆ ಬಿಸಿಬಿಸಿ ಇಡ್ಲಿ. ಎದುರಾಳಿಗಳಲ್ಲಿ ತಂಗಿ ಆಗಲೇ ಒಂದನ್ನು ಬಾಯಿಗೆ ಹಾಕಿಕೊಂಡಿದ್ದಳಂತೆ. ಶಟಲ್ ಇಲ್ಲದೆ ಆಟವಿಲ್ಲ. ಗಡಿಯಾರ ನಿಂತಿತು.

ಹುಡುಗನ ತಾಯಿ ಒಂದು ಶಟಲ್ ಎತ್ತಿ ತಿರುಗಿಸಿ ನೋಡುತ್ತಿದ್ದರು. "ಇದರಿಂದೇನ ಆಡೋದು? ಯಾರ ಆಡ್ತಾರ?"

"ನಾನು ರೀ" ಎಂದೆ. "ನಾನೂ ಇವರೂ. ಒಂದು ಗೇಮು ಬಾಕಿ ಅದ."

"ಗೆಲ್ತೀರೇನು?"

ಪತ್ರಿಕೆಯವಳು, ಸುಳ್ಳು ಹೇಳಲಾಗಲಿಲ್ಲ. "ಇವರು ಗೆಲ್ತಾರ್ರೀ. ನಾ ಕೂತು ಏಳ್ತೀನಿ."

ಆಕೆ ಅವ್ವನ ಕಡೆ ತಿರುಗಿದರು. "ಏನ್ರೀ ನೀವು, ಅರ್ಧಾ ಆಟದಾಗ ಎಬ್ಬಿಸಿ ತಂದೀರಲ್ಲ? ಈಗ ಕಾಫಿ ಕೊಟ್ಟು ಆಕಿ ಸೋತ್ಲಂದ್ರ ಅದರ ಶಕುನ ಯಾರ ತಲೀಗೆ? ನಮ್ಮ ತಲೀಗೆ! ನಾಳೆ ಮನೀಗೆ ಬಂದು ಒಂದು ಭಾಂಡೆ ಒಡದ್ರೂ ಜನಾ ಅಂತಾರ, ಸೋತಾಕಿನ್ನ ನೋಡಿ ಬಂದ್ರು ಅಂತ." ಶಟಲ್ ನನ್ನ ಕೈಗಿಟ್ಟರು. "ಹೋಗು ತಂಗಿ. ಮೊದಲ ಗೆದ್ದು ಬಾ. ಕಾಫಿ ಎಲ್ಲೀ ಓಡಿಹೋಗೂದಿಲ್ಲ."

ಮಾತು ತಿಳಿಯದಿದ್ದರೂ ಚೋಬಾಯಿಗೆ ಅರ್ಥವಾಯಿತು. ಇಡ್ಲಿ ಪಾತ್ರೆಯನ್ನು ತಾವೇ ಎತ್ತಿಕೊಂಡು ಓಡಿದರು. ಹಿಂದೆ ನಾನು, ಸೀರೆ ಬಿಚ್ಚುತ್ತ. ನನ್ನ ಹಿಂದೆ ನಾನು ಬಿಚ್ಚಿದ ಸೀರೆಯನ್ನು ಕೈಗೆ ಸುತ್ತಿ ಎತ್ತಿಕೊಳ್ಳುತ್ತ ಅವ್ವ. ಅವಳ ಹಿಂದೆ ಹುಡುಗನ ತಾಯಿ. ಭಟ್ಟರು ಮೇಜು ತೊಳೆಯಲು ಉಳಿದರು, ಆದರೆ ಬಹಳ ಹೊತ್ತು ಉಳಿಯಲಿಲ್ಲ.

ಮೂರನೆಯ ಗೇಮಿನ ಬಗ್ಗೆ ವಸ್ತುನಿಷ್ಠವಾಗಿ ಹೇಳುವುದಾದರೆ, ನಾವು ಮೊದಲು ಹಿಂದಿದ್ದೆವು. ಆಮೇಲೆ ಚೋಬಾಯಿ ಆಡಿದರು. ಅಷ್ಟು ದಿನ ನಮಗೆ ತೋರಿಸಿದ್ದು ಅವರ ಆಟದ ಅರ್ಧವೂ ಅಲ್ಲ ಎಂದು ಅವತ್ತು ತಿಳಿಯಿತು. ಶಟಲ್ ಮೇಲಕ್ಕೆ ಹೋದಾಗಲೆಲ್ಲ ಅವರೂ ಮೇಲಕ್ಕೆ ಹೋಗುತ್ತಿದ್ದರು. ಅಕ್ಕ-ತಂಗಿ ನನ್ನ ಮೇಲೆ ಹೊಡೆದದ್ದನ್ನೂ ನನ್ನ ಭುಜದ ಪಕ್ಕದಿಂದ ಒಂದು ಕೈ ಬಂದು ತೆಗೆದುಕೊಂಡು ಹೋಗುತ್ತಿತ್ತು. ನಾನೂ ಒಂದು ಪಾಯಿಂಟ್ ಗಳಿಸಿದೆ. ರಾಕೆಟ್ಟಿನ ಮರದ ಅಂಚಿಗೆ ತಾಗಿ ಶಟಲ್ ನೆಟ್ಟಿನ ಆ ಕಡೆ ಉರುಳಿತು. ಹುಡುಗನ ತಾಯಿ, "ಭಲೇ ತಂಗಿ!" ಎಂದು ಕೂಗಿದ್ದು ರಸ್ತೆಗೆ ಕೇಳಿರಬೇಕು.

ಆಗೆಲ್ಲ ಗೇಮು ಹದಿನೈದು ಪಾಯಿಂಟಿಗೆ; ನಮಗೆ ಹದಿನಾಲ್ಕು, ಅವರಿಗೆ ಹನ್ನೊಂದು. ನನ್ನದೇ ಸರ್ವೀಸು. ಶಟಲ್ ಹೇಗೋ ಆ ಕಡೆ ಹೋಯಿತು. ಅವರು ಅದನ್ನು ಮಾಡಿನವರೆಗೆ ಎತ್ತಿದರು. ಹಿಂದಿನಿಂದ "ನಂದು!" ಎಂಬ ಕೂಗು ಬಂತು. ನಾನು ಕಲಿತಂತೆ ಕೂತೆ, ಕಣ್ಣನ್ನೂ ಮುಚ್ಚಿದೆ. ಪಟ್ ಎಂದು ಒಂದು ಸದ್ದು. ಆಮೇಲೆ ಇಡೀ ಹಾಲು ಎದ್ದು ನಿಂತಿತು.

ಹೀಗೆ, ಕೋರ್ಟಿನೊಳಗೇ ಇದ್ದು ಗೆಲುವಿನ ಪಾಯಿಂಟ್ ನೋಡದ ವರದಿಗಾರ್ತಿ ನಾನು. ಸುದ್ದಿ ಬರೆಯಲು ಪ್ರತ್ಯಕ್ಷದರ್ಶಿಗಳನ್ನು ಕೇಳಬೇಕಾಯಿತು. ಹುಡುಗನ ತಾಯಿ, "ಆಕಿ ಎರಡೂ ಕಾಲು ನೆಲದ ಮ್ಯಾಲೆ ಇರಲಿಲ್ಲ ನೋಡವಾ. ಹೊಡದದ್ದು ಸೀದಾ ಅಕ್ಕ-ತಂಗಿ ನಡುವ ಬಿತ್ತು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಕೋತ ನಿಂತ್ರು" ಎಂದರು. ಭಟ್ಟರು, "ಛೆ ಛೆ, ಬಲದ ಮೂಲೆ. ಗೆರೆಯ ಸುಣ್ಣ ಹಾರಿತು" ಎಂದರು. ಎರಡು ಮೂಲಗಳು ತಾಳೆಯಾಗದ ವಿವರವನ್ನು ಬರೆಯಬಾರದು. ಸೋಲಿಸಿದರು ಎಂದಷ್ಟೇ ಬರೆದೆ.

ಚೋಬಾಯಿ ಕುಣಿಯಲಿಲ್ಲ, ಅಳಲಿಲ್ಲ. ಗ್ರಾಂಟ್ ರೋಡಿನ ಅಕ್ಕ-ತಂಗಿಯರ ಕೈಕುಲುಕಿ, ಅಂಪೈರಿಗೆ ನಡು ಬಾಗಿಸಿ, ಕೋರ್ಟಿನ ನಡುವೆಯೇ ಕೂತರು. ರಾಕೆಟ್ಟನ್ನು, ಅದು ಸೊಟ್ಟಗಾಗದಂತೆ ಹಿಡಿದಿಡುವ ಮರದ ಚೌಕಟ್ಟಿನಲ್ಲಿಟ್ಟು ನಾಲ್ಕು ಮೂಲೆಯ ತಿರುಪುಗಳನ್ನು ಒಂದೊಂದಾಗಿ ಬಿಗಿದರು. ಗಂಡ ಪಾರ್ಕ್ ಅವರು ಗೆದ್ದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು, ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ ಚೋಬಾಯಿ ಹೇಳಿದರು: "ಅಬ್ ಖತಮ್. ಮೈನೆ ಖತಮ್ ಕಿಯಾ." ಈಗ ಮುಗಿಯಿತು, ನಾನೇ ಮುಗಿಸಿದೆ ಎಂದು.

ಆಮೇಲೆ ನಾನು ಕಾಫಿ ಕೊಟ್ಟೆ. ಅಕ್ಕ-ತಂಗಿಯರಿಗೂ, ಅಂಪೈರಿಗೂ, ಹುಡುಗನಿಗೂ. ಹುಡುಗ ಫೈನಲ್ ನೋಡಲು ಎದ್ದು ಬಂದಿರಲಿಲ್ಲ. ಅಲ್ಲೇ ಕೂತು, ಅಂಪೈರ್ ಕಡೆಯಿಂದ ವಾಪಸು ಬಂದ ಇಡ್ಲಿ ತಿಂದಿದ್ದ. ಆ ಸಂಬಂಧ ಆಗಲಿಲ್ಲ. ಅವನ ತಾಯಿ ಮಾತ್ರ ಮುಂದಿನ ವರ್ಷ ಪಂದ್ಯಾವಳಿಗೆ ಕಲ್ಯಾಣದಿಂದ ಒಬ್ಬರೇ ಬಂದು, ಮುಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತರು.

ಭಟ್ಟರು ಆ ಪಾತ್ರೆಯನ್ನು ಮತ್ತೆ ಒಲೆಯ ಮೇಲೆ ಇಡಲಿಲ್ಲ. ಮಾರ್ಚಿನಲ್ಲಿ ಚೋಬಾಯಿ ಹೊರಡುವ ಹಿಂದಿನ ದಿನ ಪಾತ್ರೆಯನ್ನೂ ಎರಡು ತಟ್ಟೆಗಳನ್ನೂ ಅವರ ಕೈಗಿಟ್ಟು, "ಇನ್ನು ಅನ್ನದ ಪಾತ್ರೆಗೆ ಪುಕ್ಕ ಹಾಕಬೇಡಿ" ಎಂದು ಕನ್ನಡದಲ್ಲೇ ಹೇಳಿದರು. ಮೂರನೆಯ ತಟ್ಟೆ ನನ್ನ ಮೇಜಿನ ಮೇಲಿದೆ.

ಕಳೆದ ಹೊಸವರ್ಷಕ್ಕೆ ಬಂದ ಕಾರ್ಡಿನ ಪ್ರಕಾರ, ಚೋ ಬೊಂಗ್-ನಾನ್ ತಮ್ಮ ಊರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬ್ಯಾಡ್ಮಿಂಟನ್ ಕಲಿಸುತ್ತಿದ್ದಾರೆ. ಅವರು ಪಂದ್ಯಗಳಲ್ಲಿ ಆಡುವುದಿಲ್ಲ. ಅವರ ತಂಡ ಈವರೆಗೆ ಯಾರಿಗೂ ವಾಕ್‌ಓವರ್ ಕೊಟ್ಟಿಲ್ಲ.